ಹಕ್ಕಿ ಕಾರ್ಡ್ ಗಟ್ಟಿ, ಹೆಸರು ಮಾತ್ರ ಹಳೇದು

ಶಿವಮೊಗ್ಗದ ಒಂದು ಪುಸ್ತಕದಂಗಡಿಯಲ್ಲಿ ಹಕ್ಕಿ ಗುರುತಿಸೋಕೆ ಅಂತ ಚಿತ್ರ, ಹೆಸರು ಹಾಕಿರುವ ಈ ಮಡಚುವ ಕಾರ್ಡ್ 150 ರೂಪಾಯಿಗೆ ಸಿಕ್ಕಿತು. ಲ್ಯಾಮಿನೇಷನ್ ಗಟ್ಟಿ, ಮಂಡಗದ್ದೆ ಪಕ್ಷಿಧಾಮದಲ್ಲಿ ಜುಲೈ ಮಳೆ ಜಡಿದರೂ ಏನೂ ಆಗಲಿಲ್ಲ. ಚಿತ್ರಗಳೂ ಚೆಂದ.

ಹೆಸರುಗಳದ್ದೇ ತಕರಾರು. ಅಲ್ಲಿನ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಮಧ್ಯಮ ಬೆಳ್ಳಕ್ಕಿಗೆ ಇದರಲ್ಲಿ ಇನ್ನೂ ‘ಇಂಟರ್‌ಮೀಡಿಯೆಟ್ ಈಗ್ರೆಟ್’ ಅಂತಿದೆ. 2023ರಲ್ಲೇ ಇಬರ್ಡ್ (ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ) ಪಟ್ಟಿಯಲ್ಲಿ ಅದನ್ನು ಮೂರು ಜಾತಿ ಮಾಡಿ ನಮ್ಮ ಕಡೆಯದನ್ನು ‘ಮೀಡಿಯಂ ಈಗ್ರೆಟ್’ ಅಂತ ಕರೆದರು, ಅದೇ ವರ್ಷ ಗೋವಕ್ಕಿಯೂ ಎರಡಾಗಿ, ಗದ್ದೆಯಲ್ಲಿ ದನಗಳ ಹಿಂದೆ ಓಡಾಡುವ ನಮ್ಮದು ‘ಈಸ್ಟರ್ನ್ ಕ್ಯಾಟಲ್ ಈಗ್ರೆಟ್’ ಆಯಿತು. ಜೊತೆಗೆ ಬಂದ ಗೆಳೆಯ, ಇಪ್ಪತ್ತು ವರ್ಷದ ನೋಟ್‌ಬುಕ್ ತಿದ್ದೋರು ಯಾರು ಅಂತ ದಾರಿಯುದ್ದಕ್ಕೂ ಗೊಣಗಿದ. ನನಗೂ ಸ್ವಲ್ಪ ಸಿಟ್ಟೇ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಕನ್ನಡ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದಕ್ಕೆ ಒಂದು ಸ್ಟಾರ್ ಜಾಸ್ತಿ. ಒಟ್ಟು ನಾಲ್ಕು.