ಆಲೂಗಡ್ಡೆ ಬೀಜದ ತಾಕಿಗೆ ಖನಿಜ ತೈಲ: ಮೂರು ಹಿಂಗಾರು ಬಳಸಿದ ಮೇಲೆ

ಆಲೂಗಡ್ಡೆ ಗಿಡಕ್ಕೆ ಖನಿಜ ತೈಲದ ಎಣ್ಣೆ ಸಿಂಪಡಿಸಿದ ಮರುದಿನ ಎಲೆ ಮಗುಚಿ ನೋಡಿ, ರಸ ಹೀರುವ ಗಿಡಹೇನು ಹಾಗೆಯೇ ಇದೆಯಲ್ಲ ಎಂದು ಕ್ಯಾನನ್ನು ಮೂಲೆಗೆ ಇಟ್ಟವರು ನಮ್ಮ ಊರಿನಲ್ಲೇ ಮೂವರಿದ್ದಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಈ ಎಣ್ಣೆಯನ್ನು ಹೇನು ಸಾಯಿಸಲು ಕೊಳ್ಳಬೇಡಿ. ಹೇನು ಹರಡುವ ನಂಜು ರೋಗ, ಅಂದರೆ ವೈರಸ್ ರೋಗ, ಗಿಡದಿಂದ ಗಿಡಕ್ಕೆ ದಾಟದಿರಲಿ ಎಂದು ಕೊಳ್ಳಿ.

ಹಾಸನ ತಾಲ್ಲೂಕಿನಲ್ಲಿ ನನ್ನದು ಎರಡು ಎಕರೆ ಮುಂಗಾರು ಆಲೂಗಡ್ಡೆ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಗೆ ಹೋಗಿ, ಜಲಂಧರದ ಕಡೆಯಿಂದ ಬರುವ ಕುಫ್ರಿ ಜ್ಯೋತಿ ತಳಿಯ ಬೀಜವನ್ನು, ಅಂದರೆ ಬಿತ್ತನೆ ಗಡ್ಡೆಯನ್ನು, ತರುವುದು ನಮ್ಮ ಕಡೆಯ ವಾಡಿಕೆ. ಬೆಳೆಯ ಖರ್ಚಿನಲ್ಲಿ ಬೀಜದ್ದೇ ದೊಡ್ಡ ಪಾಲು. ಅದಕ್ಕಾಗಿ ಮೂರು ವರ್ಷದಿಂದ ಹಿಂಗಾರಿನಲ್ಲಿ ಬೋರ್‌ವೆಲ್ ನೀರಿಗೆ ಅರ್ಧ ಎಕರೆಯನ್ನು ಬೀಜಕ್ಕೆಂದೇ ಬೆಳೆದು ಶೀತಲಗೃಹದಲ್ಲಿ ಇಡುತ್ತಿದ್ದೇನೆ. ಒಮ್ಮೆ ಗಡ್ಡೆಗೆ ಇಳಿದ ನಂಜು ಮುಂದಿನ ಬೆಳೆಗೂ ಗಡ್ಡೆಯ ಜೊತೆಗೇ ಬರುತ್ತದೆ. ಯಾವ ಔಷಧಿಗೂ ಹೋಗುವುದಿಲ್ಲ. ಸ್ವಂತ ಬೀಜ ಮಾಡುವವನಿಗೆ ದೊಡ್ಡ ಭಯ ಇದೇ.

ಆಲೂಗಡ್ಡೆಯ ವೈ ವೈರಸ್ ಹೇನಿನ ಸೂಜಿಯಂಥ ಬಾಯಿಯ ತುದಿಗೆ ಅಂಟಿಕೊಂಡು ಸಾಗುತ್ತದೆ. ರೋಗದ ಗಿಡವನ್ನು ಕೆಲವು ಸೆಕೆಂಡು ಚುಚ್ಚಿ ರುಚಿ ನೋಡಿದರೆ ಸಾಕು, ಪಕ್ಕದ ಗಿಡದಲ್ಲಿ ಮತ್ತೊಮ್ಮೆ ಚುಚ್ಚಿದಾಗ ಕೆಲಸ ಮುಗಿಯಿತು. ಆಲೂಗಡ್ಡೆಯಲ್ಲಿ ನೆಲೆಸದೆ ಹಾರಿ ಹೋಗುವ ರೆಕ್ಕೆ ಹೇನುಗಳೂ ಹೀಗೆಯೇ ಹರಡುತ್ತವೆ. ಕೀಟನಾಶಕಕ್ಕೆ ಹೇನು ಸಾಯುವಷ್ಟರಲ್ಲಿ ನಂಜು ದಾಟಿರುತ್ತದೆ. ಎಲೆಯ ಮೇಲಿನ ಎಣ್ಣೆಯ ಪೊರೆ ಆ ಬಾಯಿಯಲ್ಲಿ ವೈರಸ್ ನಿಲ್ಲಲು ಬಿಡುವುದಿಲ್ಲ. ಕೆನಡಾದ ವಿಜ್ಞಾನಿಗಳು 1962ರಲ್ಲೇ ಇದನ್ನು ಪ್ರಕಟಿಸಿದ್ದರು. ಇಷ್ಟು ಹಳೆಯ ಸಂಗತಿ ನನ್ನ ಕಿವಿಗೆ ಇಷ್ಟು ತಡವಾಗಿ ಬಿತ್ತಲ್ಲ ಎಂಬ ಬೇಸರ ಈಗಲೂ ಇದೆ.

ನಾನು ಲೀಟರ್ ನೀರಿಗೆ 20 ಮಿ.ಲೀ. ಬೆರೆಸುತ್ತೇನೆ, 16 ಲೀಟರ್ ಕ್ಯಾನಿಗೆ 320. ಅರ್ಧ ಎಕರೆಗೆ ಆರು ಕ್ಯಾನ್, ಅಂದರೆ ಸಲಕ್ಕೆ ಸುಮಾರು ಎರಡು ಲೀಟರ್ ಎಣ್ಣೆ. ವಾರದಲ್ಲಿ ಚಿಗುರಿದ ಎಲೆಗೆ ಹಿಂದಿನ ವಾರದ ಎಣ್ಣೆ ಇರುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಹೊಡೆಯಲೇಬೇಕು. ಎಂಟು ಸಲವಾದರೆ 16 ಲೀಟರ್. ಕೂಲಿಯೂ ಸೇರಿದರೆ ಸಣ್ಣ ಖರ್ಚಲ್ಲ. ಕೊಳ್ಳುವ ಮೊದಲು ಬಾಟಲಿಯ ನೀರಿಗೆ ನಾಲ್ಕು ಹನಿ ಹಾಕಿ ಕುಲುಕಿ. ಹಾಲಿನಂತೆ ಬೆಳ್ಳಗಾಗಿ ಹಾಗೇ ನಿಂತರೆ ಸರಿ, ಎಣ್ಣೆ ಮೇಲೆ ತೇಲಿದರೆ ಬೇಡ.

ಮೊದಲ ವರ್ಷ ಪೆಟ್ಟು ತಿಂದೆ. ಯಾವ ಔಷಧಿಯ ಜೊತೆಗಾದರೂ ಬೆರೆಸಬಹುದು ಎಂದು ಅಂಗಡಿಯವರು ಹೇಳಿದ್ದರು. ನುಸಿಗೆಂದು ತಂದ ಗಂಧಕವನ್ನು ಅದೇ ಕ್ಯಾನಿಗೆ ಸುರಿದು, ಫೆಬ್ರವರಿಯ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಹೊಡೆದೆ. ಮೂರನೆಯ ದಿನ ಎಲೆಯಂಚುಗಳು ಕಾಫಿ ಪುಡಿಯ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ನಾಲ್ಕು ಸಾಲು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಎಣ್ಣೆಗೂ ಗಂಧಕಕ್ಕೂ ಆಗದು. ಈಗ ಅವುಗಳ ನಡುವೆ ವಾರಗಟ್ಟಲೆ ಅಂತರ ಬಿಡುತ್ತೇನೆ, ಸಂಜೆ ನಾಲ್ಕರ ನಂತರವೇ ಸಿಂಪಡಿಸುತ್ತೇನೆ. ಕ್ಯಾನಿನ ರಬ್ಬರ್ ವಾಷರ್ ಎಣ್ಣೆ ಕುಡಿದು ಉಬ್ಬುವುದರಿಂದ ಪ್ರತಿ ಸಲವೂ ಸೋಪಿನ ಪುಡಿಯ ನೀರಿನಲ್ಲಿ ತೊಳೆಯಬೇಕು.

ಎರಡನೆಯ ವರ್ಷ ಬೇಕೆಂದೇ ಎರಡು ಸಾಲಿಗೆ ಎಣ್ಣೆ ಹೊಡೆಯದೆ ಬಿಟ್ಟೆ. ಹಳದಿ ಹಸಿರು ಮಚ್ಚೆ ಬಿದ್ದು ಎಲೆ ಸುಕ್ಕಾದ ಗಿಡವನ್ನು ಕಿತ್ತ ಕಡೆಯಲ್ಲೆಲ್ಲ ಒಂದೊಂದು ಕೋಲು ನೆಡುತ್ತಾ ಹೋದೆ. ಜನವರಿಯ ಕೊನೆಗೆ ಆ ಎರಡು ಸಾಲುಗಳು ದೂರದಿಂದಲೇ ಬೇಲಿಯಂತೆ ಕಾಣುತ್ತಿದ್ದವು. ಉಳಿದ ಸಾಲುಗಳಲ್ಲಿ ಕೋಲು ಹುಡುಕಿ ನೋಡಬೇಕಿತ್ತು. ನನಗೆ ನಂಬಿಕೆ ಬಂದದ್ದು ಅಂದೇ.

ಮುಂಗಾರಿನ ಬೆಳೆಗೆ ನಾನು ಇದನ್ನು ಬಳಸುವುದಿಲ್ಲ. ಜುಲೈಯ ಜಡಿಮಳೆ ತೊಳೆದುಬಿಡುತ್ತದೆ. ಮೇಲಾಗಿ ಆ ಗಡ್ಡೆ ಮಾರಾಟಕ್ಕೆ ಹೋಗುವಂಥದ್ದು, ಅಲ್ಲಿ ನನ್ನ ಚಿಂತೆ ಎಲೆ ಕೊಳೆಸುವ ಅಂಗಮಾರಿ ರೋಗದ್ದು. ಎಲೆ ಸುರುಳಿ ನಂಜಿಗೂ ಇದನ್ನು ನೆಚ್ಚಿಕೊಳ್ಳಬೇಡಿ. ಆ ವೈರಸ್ ಹೇನಿನ ಹೊಟ್ಟೆಯೊಳಗೆ ಸೇರಿ ಅದು ಬದುಕಿರುವವರೆಗೂ ಉಳಿಯುತ್ತದೆ, ಬಾಯಿಯ ಮೇಲಿನ ಎಣ್ಣೆ ಅದನ್ನು ತಡೆಯದು. ಕೆಳಗಿನ ಎಲೆಗಳು ದೊನ್ನೆಯಂತೆ ಮೇಲಕ್ಕೆ ಸುತ್ತಿಕೊಂಡು, ಒತ್ತಿದರೆ ಚರ್ಮದಂತೆ ಬಿರುಸಾಗಿದ್ದರೆ ಗಡ್ಡೆ ಸಮೇತ ಕಿತ್ತು, ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಹೊಲದಿಂದಾಚೆ ಒಯ್ದು ಹೂಳಿಬಿಡಿ.