ಮೂರು ಬೇಸಿಗೆಗಳ ನಂತರ ಪರಭಕ್ಷಕ ನುಸಿಗಳ ಬಗ್ಗೆ

ಹಸಿರುಮನೆಯ ಸೌತೆ ಬಳ್ಳಿಗಳಿಗೆ ಮೂರು ಬೇಸಿಗೆಗಳಿಂದ ಫೈಟೊಸಿಯುಲಸ್ ಪರ್ಸಿಮಿಲಿಸ್ ಬಿಡುತ್ತಿದ್ದೇನೆ. ಎಲೆಯ ರಸ ಹೀರಿ ಬೆಳೆ ಕೆಡಿಸುವ ಜೇಡ ನುಸಿಯನ್ನು ಹಿಡಿದು ತಿನ್ನುವ ಇನ್ನೊಂದು ನುಸಿ ಇದು, ಬಾಟಲಿಯಲ್ಲಿ ಜೀವಂತವಾಗಿ ಸಿಗುತ್ತದೆ. ಕೊಳ್ಳುವಾಗ ನನಗೆ ಯಾರೂ ಹೇಳದ ಒಂದು ಮಾತನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಮೊದಲ ವರ್ಷ ತರಿಸಿದ ಬಾಟಲಿ ಪೂರ್ತಿ ದಂಡವಾಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಒಂದು ನುಸಿಯೂ ಉಳಿದಿರಲಿಲ್ಲ. ತಿಂಗಳ ಹಿಂದೆ ಥ್ರಿಪ್ಸ್ ಎಂಬ ಸಣ್ಣ ಕೀಟದ ಹಾವಳಿಗೆಂದು ಸಿಂಥೆಟಿಕ್ ಪೈರಿಥ್ರಾಯ್ಡ್ ಎಂಬ ಕೀಟನಾಶಕ ಸಿಂಪಡಿಸಿದ್ದೆ. ಅದರ ಶೇಷ ವಾರಗಟ್ಟಲೆ ಎಲೆಯಲ್ಲೇ ಉಳಿದು ಈ ನುಸಿಗಳನ್ನು ಕೊಲ್ಲುತ್ತದೆ, ಜೇಡ ನುಸಿಗೆ ಅಷ್ಟಾಗಿ ತಟ್ಟುವುದಿಲ್ಲ. "ಇತ್ತೀಚೆಗೆ ಏನು ಸಿಂಪಡಿಸಿದ್ದೀರಿ?" ಎಂದು ಮಾರಿದವರು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ಮರುವರ್ಷ ಔಷಧಿ ನಿಲ್ಲಿಸಿ, ಮೂರು ತಿಂಗಳು ಕಾದು ತರಿಸಿದೆ. ಬಾಟಲಿ ಕೈಗೆ ಬಂದ ದಿನವೇ, ಬಿಸಿಲು ಇಳಿದ ಮೇಲೆ ಕೆಲಸ ಶುರು. ಅಡ್ಡ ಹಿಡಿದು ಮೆಲ್ಲಗೆ ಉರುಳಿಸುತ್ತೇನೆ. ನುಸಿಗಳೆಲ್ಲ ಮುಚ್ಚಳದ ಕಡೆಗೆ ಹತ್ತಿ ಕೂತಿರುತ್ತವೆ. ಉರುಳಿಸದಿದ್ದರೆ ಮೊದಲ ಸಾಲಿಗೆ ನುಸಿ, ಕೊನೆಯ ಸಾಲಿಗೆ ಬರಿಯ ವರ್ಮಿಕ್ಯುಲೈಟ್, ಅಂದರೆ ನುಸಿಗಳ ಜೊತೆ ಬಾಟಲಿಗೆ ತುಂಬುವ ಹಗುರ ಖನಿಜದ ಹರಳು. ಜೇಡ ನುಸಿ ರಸ ಹೀರಿ ಬಿಳಿ ಚುಕ್ಕೆ ಬಿದ್ದ ಎಲೆಗೆ ಒಂದಿಷ್ಟು ಹೆಚ್ಚು ಉದುರಿಸುತ್ತೇನೆ.

ಬೆಳಗ್ಗೆ ಕಾಫಿಗೂ ಮೊದಲು ಭೂತಗನ್ನಡಿ ಹಿಡಿದು ಎಲೆ ಮಗುಚಿ ನೋಡುವುದು ಈಗ ಬಿಡಲಾಗದ ಅಭ್ಯಾಸ. ಜೇಡ ನುಸಿ ಮಂದಗತಿಯದು, ಬೆನ್ನ ಮೇಲೆ ಎರಡು ಕಪ್ಪು ಮಚ್ಚೆ. ನಮ್ಮದು ಕಿತ್ತಳೆಗೆಂಪು, ಉದ್ದ ಕಾಲು, ನಿಂತಲ್ಲಿ ನಿಲ್ಲದ ಓಟ. ಜೇಡ ನುಸಿಯ ಮೊಟ್ಟೆ ಗುಂಡಗೆ, ಇದರದ್ದು ಕೋಳಿಮೊಟ್ಟೆಯಂತೆ ಕೋಲುಗುಂಡು, ಗಾತ್ರದಲ್ಲಿ ಸುಮಾರು ಎರಡರಷ್ಟು. ಜೇಡ ನುಸಿ ನೇಯ್ದ ಬಲೆಯ ನಡುವೆ ಅಂಥ ಮೂರು ಕೋಲುಗುಂಡು ಮೊಟ್ಟೆ ಮೊದಲ ಸಲ ಕಂಡಾಗ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳು ಎಲೆ ಕೆಳಗಿಡದೆ ಬಹಳ ಹೊತ್ತು ನೋಡಿದಳು.

ತೊಂದರೆ ಇಲ್ಲವೆಂದಲ್ಲ. ತೇವಾಂಶ ಶೇ. 60ಕ್ಕಿಂತ ಕೆಳಗಿಳಿದರೆ ಮೊಟ್ಟೆಗಳು ಸೊರಗುತ್ತವೆ. ಬಿಸಿಲು 30 ಡಿಗ್ರಿ ದಾಟಿದ ವಾರಗಳಲ್ಲಿ ಜೇಡ ನುಸಿಯದೇ ಮೇಲುಗೈ. ಮಧ್ಯಾಹ್ನ ಸಾಲುಗಳ ನಡುವೆ ನೆಲಕ್ಕೆ ನೀರು ಚಿಮುಕಿಸಿ ಹೇಗೋ ಕಾಪಾಡಿಕೊಳ್ಳುತ್ತೇನೆ. ಜೇಡ ನುಸಿ ಬಿಟ್ಟರೆ ಬೇರೆ ಆಹಾರ ಇವಕ್ಕೆ ಆಗದು. ಅದು ಮುಗಿದೊಡನೆ ಇವೂ ಹಸಿದು ಸಾಯುತ್ತವೆ, ಹಾವಳಿ ಮರಳಿದಾಗ ಮತ್ತೆ ಕೊಳ್ಳಬೇಕು. ಕೈ ಬಿಗಿ ಇರುವ ನನಗೆ ಇದು ಭಾರವೇ. ಆದರೂ ಬಳ್ಳಿಯಿಂದ ಕಿತ್ತ ಎಳೆಸೌತೆಯನ್ನು ಅಲ್ಲೇ ಮಗಳ ಕೈಗೆ ಕೊಡುವಾಗ, ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಎಣಿಸುವ ಕೆಲಸ ತಪ್ಪಿದೆ.

ಬಾಗಿಲ ಬಳಿಯ ಒಣ ಸಾಲಿಗೆ ಈ ವರ್ಷ ನಿಯೋಸಿಯುಲಸ್ ಕ್ಯಾಲಿಫೋರ್ನಿಕಸ್ ಎಂಬ ಇನ್ನೊಂದು ಪರಭಕ್ಷಕ ನುಸಿಯನ್ನು ಬಿಟ್ಟಿದ್ದೇನೆ. ಅದು ನಿಧಾನ, ಆದರೆ ಸೆಕೆ ತಾಳುತ್ತದೆ, ಬೇಟೆ ಸಿಗದಿದ್ದಾಗ ಪರಾಗ ತಿಂದು ಬದುಕುತ್ತದೆ. ಉಳಿದ ಸಾಲುಗಳಿಗೆ ಪರ್ಸಿಮಿಲಿಸ್‌ನ ಇನ್ನೊಂದು ಬಾಟಲಿ ಬೇಕೆಂದು ನಿನ್ನೆಯೇ ಹೇಳಿದ್ದೇನೆ.