ತುರಿಕೆಗೆ ಯಾವ ಹನಿ? ಅಲರ್ಜಿ ಕಣ್ಣಿಗೆ ಹಾಕುವ ಬಾಟಲಿಗಳ ಹೋಲಿಕೆ

ಮೆಡಿಕಲ್ ಸ್ಟೋರ್ ಮುಂದೆ ನಿಂತು ‘ಅಣ್ಣಾ, ಕಣ್ಣು ಕೆಂಪಾಗಿದೆ, ತುರಿಸ್ತಾ ಇದೆ, ಒಂದು ಡ್ರಾಪ್ಸ್ ಕೊಡಿ’ ಅಂದರೆ ನಾಲ್ಕು ಥರದ ಮದ್ದಿನಲ್ಲಿ ಯಾವುದಾದರೂ ಕೈಗೆ ಬರಬಹುದು. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಅಳತೆಯ ಪುಟ್ಟ ಪ್ಲಾಸ್ಟಿಕ್ ಬಾಟಲಿ. ಮೂರು ದಿನ ಹಾಕಿ ನೋಡಿ ತೀರ್ಪು ಕೊಟ್ಟರೆ ಸ್ಟೆರಾಯ್ಡ್ ಇರುವ ಬಾಟಲಿಯೇ ಗೆಲ್ಲುತ್ತದೆ. ಮೂರು ವಾರದ ಮೇಲೆ ಅದೇ ತೀರ್ಪು ತಲೆಕೆಳಗಾಗುತ್ತದೆ. ಆದ್ದರಿಂದ ಇಲ್ಲಿ ಎಷ್ಟು ಬೇಗ ಬೆಳ್ಳಗಾಯಿತು ಎಂಬುದಕ್ಕೆ ಹೆಚ್ಚು ಅಂಕ ಕೊಟ್ಟಿಲ್ಲ.

ಮೊದಲು, ಅದು ಅಲರ್ಜಿಯೇ ಹೌದಾ? ಎರಡೂ ಕಣ್ಣು ತುರಿಸಬೇಕು, ನೀರು ಸೋರಬೇಕು, ಜೊತೆಗೆ ಸೀನು ಇದ್ದರೆ ಅನುಮಾನ ಇನ್ನೂ ಗಟ್ಟಿ. ಮಳೆಯ ನಂತರ ಮೈಸೂರಿನ ಖಾಲಿ ಸೈಟುಗಳಲ್ಲಿ ಹೂ ಬಿಡುವ ಕಾಂಗ್ರೆಸ್ ಗಿಡ, ಮಂಡ್ಯ ಕಡೆಯ ಭತ್ತದ ಒಕ್ಕಣೆ ಧೂಳು, ಮನೆಯೊಳಗಿನ ಹಾಸಿಗೆ ಧೂಳು ಇವೆಲ್ಲ ಕಾರಣವಾಗಬಲ್ಲವು. ಆಲೆಮನೆ ಹೊಗೆಗೆ, ಕಬ್ಬಿನ ತರಗು ಸುಟ್ಟ ಹೊಗೆಗೆ ಕಣ್ಣು ಉರಿಯುವುದು ಬೇರೆ ಲೆಕ್ಕ. ಅದಕ್ಕೆ ತಣ್ಣೀರಲ್ಲಿ ಮುಖ ತೊಳೆದು, ಶೇ 0.5ರ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರು ಹಾಕಿದರೆ ಸಾಮಾನ್ಯವಾಗಿ ಸಾಕು. ಅಲರ್ಜಿ ಮದ್ದು ಹೊಗೆಯ ಉರಿಗೆ ಏನೂ ಮಾಡದು.

ಒಲೊಪಟಡೀನ್ ಮತ್ತು ಕೀಟೊಟಿಫೆನ್

ದಿನನಿತ್ಯದ ಅಲರ್ಜಿಗೆ ನಮ್ಮ ಮೊದಲ ಆಯ್ಕೆ ಒಲೊಪಟಡೀನ್. ಇದು ಎರಡು ಕೆಲಸ ಮಾಡುತ್ತದೆ. ತುರಿಕೆ ಹುಟ್ಟಿಸುವ, ಈಗಾಗಲೇ ಹೊರಬಂದಿರುವ ಹಿಸ್ಟಮೀನ್ ಕೆಲಸ ಮಾಡದಂತೆ ತಡೆಯುತ್ತದೆ, ಅದನ್ನು ಹೊರಬಿಡುವ ಮಾಸ್ಟ್ ಕೋಶಗಳನ್ನೂ ಸುಮ್ಮನಿರಿಸುತ್ತದೆ. ತುರಿಕೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಉರಿ ಬಹಳ ಕಡಿಮೆ. ಗೊಂದಲ ಇರುವುದು ಶಕ್ತಿಯಲ್ಲಿ. ಶೇ 0.1ರ ಬಾಟಲಿಯಾದರೆ ದಿನಕ್ಕೆ ಎರಡು ಬಾರಿ, ನಡುವೆ 6ರಿಂದ 8 ಗಂಟೆ ಅಂತರ. ಶೇ 0.2 ಆದರೆ ದಿನಕ್ಕೆ ಒಂದೇ ಬಾರಿ. ಹಳೇ ಬಾಟಲಿ ಮುಗಿದು ಅಂಗಡಿಯವರು ಬೇರೆ ಶಕ್ತಿಯದ್ದು ಕೊಟ್ಟಾಗ ಹಳೇ ರೂಢಿಯಲ್ಲೇ ಹಾಕಿಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಶೇ 0.1 ತಂದು ಬೆಳಿಗ್ಗೆ ಒಂದೇ ಸಲ ಹಾಕಿ ‘ಸಂಜೆಗೆ ಮತ್ತೆ ತುರಿಸುತ್ತೆ, ಈ ಕಂಪನಿ ಸರಿಯಿಲ್ಲ’ ಅಂದರೆ ಕಂಪನಿಯ ತಪ್ಪೇನಿಲ್ಲ.

ಶೇ 0.025ರ ಕೀಟೊಟಿಫೆನ್ ಕೂಡ ಇದೇ ಗುಂಪಿನದು. ದಿನಕ್ಕೆ ಎರಡು ಬಾರಿ, 8ರಿಂದ 12 ಗಂಟೆಗೊಮ್ಮೆ. ತುರಿಕೆ ಇಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು, ಆದರೆ ಹಾಕಿದ ಕೂಡಲೇ ಚುರ್ ಅನ್ನುವುದು ಇದರಲ್ಲಿ ಹೆಚ್ಚು. ಮಕ್ಕಳು ಎರಡನೇ ದಿನ ಬಾಟಲಿ ಕಂಡರೆ ಓಡುವುದಕ್ಕೆ ಅಷ್ಟು ಸಾಕು. ಇದೇ ಗುಂಪಿನ ಬೆಪೊಟಾಸ್ಟೀನ್ ಬರೆದುಕೊಟ್ಟಿದ್ದರೆ ಗಂಟಲಲ್ಲಿ ವಿಚಿತ್ರ ರುಚಿ ಬಂದೀತು, ಗಾಬರಿ ಬೇಡ. ಕಣ್ಣಿಂದ ಮೂಗಿಗೆ ಇಳಿಯುವ ನಾಳದ ಮೂಲಕ ಮದ್ದು ಗಂಟಲು ಸೇರಿರುತ್ತದೆ ಅಷ್ಟೆ.

ಕ್ರೋಮೋಗ್ಲೈಕೇಟ್ ಹಳೇ ಕಾಲದ ಮದ್ದು, ಸುರಕ್ಷಿತ. ಆದರೆ ದಿನಕ್ಕೆ ನಾಲ್ಕು ಬಾರಿ ಹಾಕಬೇಕು, ಪೂರ್ತಿ ಗುಣ ಕಾಣಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅಲರ್ಜಿಯ ಕಾಲ ಶುರುವಾಗುವ ಮುಂಚೆಯೇ ಆರಂಭಿಸಿದರೆ ಪ್ರಯೋಜನ. ತುರಿಕೆ ತಡೆಯಲಾರದೆ ಅಂಗಡಿಗೆ ಬಂದವರಿಗೆ ಇದರಿಂದ ನಿರಾಶೆಯೇ.

ಬೆಳ್ಳಗೆ ಮಾಡುವ ಹನಿ

ನಾಫಜೋಲಿನ್ ಇರುವ ಡ್ರಾಪ್ಸ್ ಹಾಕಿದ ಐದು ನಿಮಿಷಕ್ಕೆ ಕಣ್ಣು ಬೆಳ್ಳಗಾಗುತ್ತದೆ. ಮದುವೆ ಫೋಟೋಗೆ ಮುಂಚೆ ಹಾಕಿಕೊಳ್ಳುವವರು ಇದ್ದಾರೆ. ಇದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅಲರ್ಜಿಯ ಬೇರಿಗೆ ಕೈ ಹಾಕುವುದಿಲ್ಲ. ಎರಡು ಮೂರು ದಿನ ಮೀರಿ ಹಾಕುತ್ತಾ ಹೋದರೆ ಮದ್ದು ಇಳಿದಾಗಲೆಲ್ಲ ಕಣ್ಣು ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ, ಮತ್ತೆ ಹಾಕಬೇಕೆನಿಸುತ್ತದೆ. ಆಂಗಲ್ ಕ್ಲೋಷರ್ ಗ್ಲಕೋಮಾ (ಕಣ್ಣೊಳಗಿನ ದ್ರವದ ದಾರಿ ಮುಚ್ಚಿ ಒತ್ತಡ ಏರುವ ಕಾಯಿಲೆ) ಅಪಾಯ ಇರುವವರು, ಚಿಕ್ಕ ಮಕ್ಕಳು ಇದರ ಹತ್ತಿರ ಸುಳಿಯಬಾರದು. ಹೋಲಿಕೆಯಲ್ಲಿ ಕೊನೆಯ ಸ್ಥಾನ ಇದಕ್ಕೇ.

ಸ್ಟೆರಾಯ್ಡ್: ಜೋರಾದ ಮದ್ದು, ಲೆಕ್ಕ ಇಟ್ಟು ಹಾಕಬೇಕಾದ್ದು

ಲೋಟೆಪ್ರೆಡ್ನಾಲ್, ಫ್ಲೂರೋಮೆಥೋಲೋನ್, ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್. ಡಬ್ಬಿಯ ಮೇಲೆ ದಪ್ಪಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಹೆಸರಲ್ಲಿ ‘ಪ್ರೆಡ್’ ಇದ್ದರೆ, ‘ಸೋನ್’ ಅಥವಾ ‘ಲೋನ್’ ಎಂದು ಮುಗಿದರೆ ಅದು ಸ್ಟೆರಾಯ್ಡ್ ಎಂದೇ ಅನುಮಾನಿಸಿ. ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಬೆರೆಸಿದ ಬಾಟಲಿಗಳೂ ಇವೆ. ಆಂಟಿಬಯೋಟಿಕ್ ಎಂದುಕೊಂಡು ತಂದವರು ತಿಂಗಳುಗಟ್ಟಲೆ ಸ್ಟೆರಾಯ್ಡ್ ಹಾಕಿಕೊಂಡಿರುತ್ತಾರೆ.

ಜೋರಾದ ಅಲರ್ಜಿಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಹನಿ ಮೇಲಿನ ಯಾವುದೂ ಅಲ್ಲ, ಒಪ್ಪಬೇಕು. ಬೇಸಿಗೆಯಲ್ಲಿ ಗಂಡುಮಕ್ಕಳಿಗೆ ಹೆಚ್ಚಾಗಿ ಬರುವ ವರ್ನಲ್ ಎಂಬ ತೊಂದರೆಯಲ್ಲಿ (ದಾರದಂಥ ಬಿಳಿ ಗೀಜು, ಬಿಸಿಲಿಗೆ ಕಣ್ಣು ತೆರೆಯಲಾಗದಿರುವುದು) ವೈದ್ಯರೇ ಕೆಲವು ದಿನಕ್ಕೆ ಇದನ್ನು ಬರೆದು, ಆಮೇಲೆ ದಿನಕ್ಕೆ ನಾಲ್ಕು, ಮೂರು, ಎರಡು, ಒಂದು ಬಾರಿ ಎಂದು ಇಳಿಸಿ ನಿಲ್ಲಿಸುತ್ತಾರೆ. ಕೆಡುವುದು ಆ ಚೀಟಿಯನ್ನು ಮುಂದಿನ ವರ್ಷವೂ ತೋರಿಸಿ ಅದೇ ಬಾಟಲಿ ತಂದಾಗ. ಕೆಲವರಲ್ಲಿ ಎರಡರಿಂದ ಆರು ವಾರದೊಳಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ನೋವಿಲ್ಲ, ಕೆಂಪಿಲ್ಲ, ತುರಿಕೆಯೂ ಇಲ್ಲ. ಕಣ್ಣು ‘ಚೆನ್ನಾಗಿದೆ’ ಎನಿಸುತ್ತಿರುವಾಗಲೇ ಕಣ್ಣಿನ ನರ ಸವೆಯುತ್ತದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ದೀರ್ಘ ಬಳಕೆಯಿಂದ ಪೊರೆಯೂ ಬರಬಹುದು. ಲೋಟೆಪ್ರೆಡ್ನಾಲ್‌ನಲ್ಲಿ ಒತ್ತಡ ಏರುವ ಸಂಭವ ಕಡಿಮೆ ಎಂಬುದು ನಿಜ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಯಾವುದೇ ಸ್ಟೆರಾಯ್ಡ್ ಹನಿ 10 ದಿನ ದಾಟುವುದಾದರೆ ಕಣ್ಣಿನ ಪ್ರೆಷರ್ ಅಳೆಸಲೇಬೇಕು.

ಮಂಡ್ಯದ ಹೊಲದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಅಪಾಯ ಇದೆ. ಕಬ್ಬಿನ ಗರಿ ಗೀರಿದಾಗ, ಭತ್ತದ ಹೊಟ್ಟು ಹಾರಿ ಬಿದ್ದಾಗ ಕರಿಗುಡ್ಡೆಯ ಮೇಲೆ ಫಂಗಸ್ ಹುಣ್ಣಾಗುವ ಸಂಭವ ಇರುತ್ತದೆ. ಆ ಕಣ್ಣೂ ಕೆಂಪಾಗಿಯೇ ಇರುತ್ತದೆ. ಅದಕ್ಕೆ ಸ್ಟೆರಾಯ್ಡ್ ಬಿದ್ದರೆ ಎರಡು ದಿನ ಹಾಯೆನಿಸಿ, ಒಳಗೆ ಹುಣ್ಣು ಆಳವಾಗುತ್ತದೆ. ಒಂದೇ ಕಣ್ಣು, ತುರಿಕೆಗಿಂತ ನೋವು ಹೆಚ್ಚು, ಬೆಳಕು ನೋಡಲಾಗದು, ಮಂಜು ಮಂಜು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಇಷ್ಟರಲ್ಲಿ ಒಂದಿದ್ದರೂ ಯಾವ ಬಾಟಲಿಯನ್ನೂ ಮುಟ್ಟದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂ ನೆನೆಸಿದ ನೀರು ಕೂಡ ಆ ಕಣ್ಣಿಗೆ ಬೇಡವೇ ಬೇಡ.

ಬಾಟಲಿ ತೆರೆಯುವುದರಿಂದ ಶುರು

ಒಳ್ಳೆಯ ಮದ್ದೂ ಸೋಲುವುದು ಇಲ್ಲಿ. ಅನೇಕ ಬಾಟಲಿಗಳ ಮೂತಿಗೆ ತೂತೇ ಇರುವುದಿಲ್ಲ, ಮುಚ್ಚಳದ ಒಳಗೆ ಚೂಪಾದ ಮೊನೆ ಇರುತ್ತದೆ. ಮುಚ್ಚಳವನ್ನು ಕೊನೆಯವರೆಗೂ ಬಿಗಿಯಾಗಿ ತಿರುಗಿಸಿದರೆ ಅದೇ ತೂತು ಮಾಡುತ್ತದೆ. ಕತ್ತರಿಯಲ್ಲಿ ಕತ್ತರಿಸಿದರೆ, ಪಿನ್ನಿನಲ್ಲಿ ಚುಚ್ಚಿದರೆ ಹನಿ ದಪ್ಪವಾಗಿ ಬಾಟಲಿ ಬೇಗ ಖಾಲಿ, ಕೊಳೆಯೂ ಒಳಗೆ. ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಸಾಮಾನ್ಯವಾಗಿ ಸಸ್ಪೆನ್ಷನ್ (ಮದ್ದಿನ ಪುಡಿ ಕರಗದೆ ದ್ರವದಲ್ಲಿ ತೇಲುವಂಥದ್ದು), ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ. ಅಲುಗಾಡಿಸದಿದ್ದರೆ ಮೊದಲ ದಿನಗಳಲ್ಲಿ ಬರೀ ನೀರು ಬಿದ್ದು, ಮದ್ದೆಲ್ಲ ತಳದಲ್ಲೇ ಉಳಿಯುತ್ತದೆ.

ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳ ರೆಪ್ಪೆಯನ್ನು ಎಳೆದು ಜೇಬಿನ ಹಾಗೆ ಮಾಡಿ, ಒಂದಂಗುಲ ಮೇಲಿಂದ ಒಂದೇ ಹನಿ ಬಿಡಿ. ಒಂದು ಹನಿ 30ರಿಂದ 50 ಮೈಕ್ರೋಲೀಟರ್, ಕಣ್ಣು ಹಿಡಿದುಕೊಳ್ಳುವುದು ಅದಕ್ಕಿಂತ ಕಡಿಮೆ. ಎರಡನೇ ಹನಿ ಕೆನ್ನೆಗೆ ಹೋಗುತ್ತದೆ. ಮೂತಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಪಟಪಟ ಮಿಟುಕಿಸಿದರೆ ಮದ್ದೆಲ್ಲ ಗಂಟಲಿಗೆ. ಹಟ ಮಾಡುವ ಮಗುವಾದರೆ ಮಲಗಿಸಿ, ಕಣ್ಣು ಮುಚ್ಚಿಕೊಂಡಿರಲಿ, ಮೂಗಿನ ಕಡೆಯ ಮೂಲೆಯಲ್ಲಿ ಒಂದು ಹನಿ ಬಿಡಿ. ಮಗು ಕಣ್ಣು ಬಿಟ್ಟಾಗ ತಾನಾಗಿ ಒಳಗಿಳಿಯುತ್ತದೆ.

ಎರಡು ಥರದ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಆಯಿಂಟ್ಮೆಂಟ್ ಇದ್ದರೆ ಅದು ಕೊನೆಗೆ. ಲೆನ್ಸ್ ಹಾಕುವವರು ತೆಗೆದು ಹನಿ ಹಾಕಿ, ಹತ್ತು ಹದಿನೈದು ನಿಮಿಷದ ಮೇಲೆ ಮತ್ತೆ ಹಾಕಿಕೊಳ್ಳಬಹುದು, ಕಣ್ಣು ಕೆಂಪಿದ್ದಾಗ ಲೆನ್ಸೇ ಬೇಡ. ಕಣ್ಣಿನ ಬಾಟಲಿಯ ಪಕ್ಕ ಕಿವಿಯ ಬಾಟಲಿ ಇಡಬೇಡಿ, ಅರ್ಧ ನಿದ್ದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಲೇಬಲ್‌ನಲ್ಲಿ ಬೇಡವೆಂದು ಇಲ್ಲದಿದ್ದರೆ ಫ್ರಿಜ್ಜಿನ ಬಾಗಿಲಲ್ಲಿ ಇಡಬಹುದು, ತಣ್ಣನೆಯ ಹನಿ ತುರಿಕೆಗೆ ಇನ್ನೂ ಹಿತ. ಫ್ರೀಜರ್ ಬೇಡ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಂತೂ ಬೇಡವೇ ಬೇಡ.

ತೆರೆದ ದಿನವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಲೇಬಲ್ ಬೇರೆ ಹೇಳದಿದ್ದರೆ 28 ದಿನಕ್ಕೆ ಅದರ ಆಯುಸ್ಸು ಮುಗಿಯಿತು, ಡಬ್ಬಿಯ ಮೇಲಿನ ಎಕ್ಸ್‌ಪೈರಿ ತೆರೆಯದ ಬಾಟಲಿಯ ಲೆಕ್ಕ. 5 ಎಂಎಲ್‌ನಲ್ಲಿ ನೂರಕ್ಕೂ ಹೆಚ್ಚು ಹನಿ ಇರುತ್ತದೆ. ದಿನಕ್ಕೊಮ್ಮೆ ಎರಡು ಕಣ್ಣಿಗೆ ಹಾಕಿದರೆ 28 ದಿನಕ್ಕೆ 56 ಹನಿ, ಹೆಚ್ಚುಕಮ್ಮಿ ಅರ್ಧ ಬಾಟಲಿ ಉಳಿಯುತ್ತದೆ. ಹೊಟ್ಟೆ ಉರಿಯುತ್ತದೆ ನಿಜ, ಆದರೂ ಆ ಬಾಟಲಿಯನ್ನು ಬಿಸಾಡಿ.